ಸಂಸತ್ತಿನಲ್ಲಿ ಕರ್ನಾಟಕದ ಪ್ರಾತಿನಿಧ್ಯ: ನಡೆದು ಬಂದ ದಾರಿ ಮತ್ತು ಮುಂದಿನ ಲೆಕ್ಕ

ತೆರಿಗೆಯ ದರ, ಆಮದು ಸುಂಕ, ರೈಲ್ವೆ ಸಾಗಣೆ ವೆಚ್ಚ, ಬ್ಯಾಂಕ್ ಸಾಲದ ನಿಯಮ ಮೊದಲಾದ ವಿಷಯಗಳು ವರ್ತಕರ ಮತ್ತು ಸಣ್ಣ ಉದ್ದಿಮೆದಾರರ ದಿನನಿತ್ಯದ ವ್ಯವಹಾರವನ್ನು ನೇರವಾಗಿ ತಟ್ಟುತ್ತವೆ. ಇವುಗಳಲ್ಲಿ ಬಹುಪಾಲು ತೀರ್ಮಾನಗಳು ಆಗುವುದು ದೆಹಲಿಯಲ್ಲಿ. ಆ ತೀರ್ಮಾನಗಳನ್ನು ಕೈಗೊಳ್ಳುವ ಸದನಗಳಲ್ಲಿ ಕರ್ನಾಟಕದ ದನಿ ಎಷ್ಟು, ಆ ಪ್ರಮಾಣವನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ನಿಗದಿ ಮಾಡಿದರು ಎಂಬ ಪ್ರಶ್ನೆ ಕೇವಲ ರಾಜಕಾರಣಿಗಳಿಗೆ ಸೇರಿದ್ದಲ್ಲ. ಕ್ಷೇತ್ರ ಪುನರ್ವಿಂಗಡಣೆಯ ಚರ್ಚೆ ದೇಶದಾದ್ಯಂತ ಮತ್ತೆ ಕಾವೇರಿರುವ ಈ ಸಂದರ್ಭದಲ್ಲಿ ರಾಜ್ಯದ ಪ್ರಾತಿನಿಧ್ಯದ ಇತಿಹಾಸವನ್ನು ಒಮ್ಮೆ ಹಿಂತಿರುಗಿ ನೋಡುವುದು ಉಪಯುಕ್ತ.

ಪ್ರಜಾಪ್ರತಿನಿಧಿ ಸಭೆಯಿಂದ ಸಂವಿಧಾನ ರಚನಾ ಸಭೆಯವರೆಗೆ

ಪ್ರಾತಿನಿಧಿಕ ಸಂಸ್ಥೆಗಳ ಪರಿಚಯ ಹಳೆಯ ಮೈಸೂರು ಸೀಮೆಗೆ ಬಹಳ ಹಿಂದಿನಿಂದಲೇ ಇತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 144 ಸದಸ್ಯರ ಮೊದಲ ಸಭೆಗೆ ಆಹ್ವಾನಿತರಾದವರು ಮುಖ್ಯವಾಗಿ ಭೂಹಿಡುವಳಿದಾರರು ಮತ್ತು ವರ್ತಕರು. 1907ರಲ್ಲಿ ಇದರ ಜೊತೆಗೆ ನ್ಯಾಯವಿಧಾಯಕ ಸಭೆಯೂ ಸ್ಥಾಪನೆಯಾಯಿತು. ಅಂದರೆ ಸರ್ಕಾರದ ಎದುರು ವ್ಯಾಪಾರಿ ಸಮುದಾಯ ತನ್ನ ಅಹವಾಲನ್ನು ಮಂಡಿಸುವ ಪದ್ಧತಿ ಈ ನಾಡಿನಲ್ಲಿ ಸ್ವಾತಂತ್ರ್ಯಕ್ಕಿಂತ ಆರು ದಶಕಗಳಿಗೂ ಹಿಂದಿನದು.

ಆದರೆ ಅಖಿಲ ಭಾರತ ಮಟ್ಟದಲ್ಲಿ ಚಿತ್ರ ಬೇರೆಯಾಗಿತ್ತು. ಮೈಸೂರು ದೇಶೀಯ ಸಂಸ್ಥಾನವಾಗಿದ್ದುದರಿಂದ ದೆಹಲಿಯ ಕೇಂದ್ರ ಶಾಸನ ಸಭೆಗೆ ಅಲ್ಲಿಂದ ಪ್ರತಿನಿಧಿಗಳು ಆಯ್ಕೆಯಾಗುತ್ತಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದ ಮೂಲಕ, ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಮೂಲಕ ಪ್ರಾತಿನಿಧ್ಯ ಪಡೆಯುತ್ತಿದ್ದವು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ್, ಗುಲ್ಬರ್ಗ ಮತ್ತು ರಾಯಚೂರು ಪ್ರದೇಶಗಳಿಗೆ ಆ ಅವಕಾಶವೂ ಇರಲಿಲ್ಲ. ಕನ್ನಡ ನಾಡು ಹರಿದು ಹಂಚಿಹೋಗಿದ್ದಂತೆ ಅದರ ಪ್ರಾತಿನಿಧ್ಯವೂ ಹಂಚಿಹೋಗಿತ್ತು.

ಆ ಕಾಲದ ಕೇಂದ್ರ ಶಾಸನ ಸಭೆಯಲ್ಲಿ ಭಾರತೀಯ ವಾಣಿಜ್ಯ ಸಂಸ್ಥೆಗಳಿಗೆಂದೇ ಮೀಸಲಾದ ಕೆಲವು ಸ್ಥಾನಗಳಿದ್ದವು ಎಂಬುದು ಇಲ್ಲಿ ಗಮನಾರ್ಹ. ಸ್ವತಂತ್ರ ಭಾರತದ ಸಂವಿಧಾನ ಇಂತಹ ವಿಶೇಷ ಕ್ಷೇತ್ರಗಳನ್ನು ಕೈಬಿಟ್ಟು, ವಯಸ್ಕ ಮತದಾನವನ್ನು ಆಧಾರವಾಗಿ ಸ್ವೀಕರಿಸಿತು. ಅಂದಿನಿಂದ ವರ್ತಕನು ಸಂಸತ್ತಿಗೆ ಪ್ರತಿನಿಧಿಯನ್ನು ಆರಿಸುವುದು ವರ್ತಕನಾಗಿ ಅಲ್ಲ, ಒಂದು ಭೌಗೋಳಿಕ ಕ್ಷೇತ್ರದ ಮತದಾರನಾಗಿ. ಈ ಕಾರಣದಿಂದಲೇ ಕ್ಷೇತ್ರಗಳ ಸಂಖ್ಯೆ ಮತ್ತು ಗಡಿ ವ್ಯಾಪಾರ ವಲಯಕ್ಕೂ ಮುಖ್ಯವಾಗುತ್ತವೆ.

ಸಂವಿಧಾನ ರಚನಾ ಸಭೆಯಲ್ಲಿ ಸುಮಾರು 10 ಲಕ್ಷ ಜನಸಂಖ್ಯೆಗೆ ಒಬ್ಬ ಪ್ರತಿನಿಧಿ ಎಂಬ ಲೆಕ್ಕವನ್ನು ಅನುಸರಿಸಲಾಯಿತು. ಅದರಂತೆ ಮೈಸೂರಿಗೆ 7 ಸ್ಥಾನಗಳು ದೊರೆತವು. ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ಧಲಿಂಗಯ್ಯ ಮೊದಲಾದವರು ಅಲ್ಲಿ ಮೈಸೂರನ್ನು ಪ್ರತಿನಿಧಿಸಿದರು. ಎಸ್. ನಿಜಲಿಂಗಪ್ಪ ಮತ್ತು ರಂಗರಾವ್ ದಿವಾಕರ ಅವರು ಮುಂಬಯಿ ಪ್ರಾಂತ್ಯದ ಸದಸ್ಯರಾಗಿದ್ದರೆ, ಸಿ. ಎಂ. ಪೂಣಚ್ಚ ಅವರು ಕೊಡಗಿನಿಂದ ಬಂದವರು.

11, 26, 27, 28

1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಲೋಕಸಭೆಯಲ್ಲಿ 11 ಸ್ಥಾನಗಳಿದ್ದವು. ಇವು 9 ಕ್ಷೇತ್ರಗಳಲ್ಲಿ ಹಂಚಿಕೆಯಾಗಿದ್ದವು. ಎರಡು ಕ್ಷೇತ್ರಗಳಿಂದ ತಲಾ ಇಬ್ಬರು ಸದಸ್ಯರು ಆಯ್ಕೆಯಾಗುತ್ತಿದ್ದರು. ಇಂತಹ ದ್ವಿಸದಸ್ಯ ಕ್ಷೇತ್ರಗಳ ಪದ್ಧತಿ ದೇಶದಾದ್ಯಂತ 1961ರ ಕಾಯಿದೆಯಿಂದ ಕೊನೆಗೊಂಡಿತು. ಕೊಡಗಿಗೆ ಪ್ರತ್ಯೇಕವಾಗಿ ಒಂದು ಸ್ಥಾನವಿತ್ತು. ಉಳಿದ ಕನ್ನಡ ಜಿಲ್ಲೆಗಳ ಸದಸ್ಯರು ಮುಂಬಯಿ, ಹೈದರಾಬಾದ್ ಮತ್ತು ಮದ್ರಾಸ್ ರಾಜ್ಯಗಳ ಲೆಕ್ಕಕ್ಕೆ ಸೇರಿದ್ದರು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಈ ಚದುರಿದ ಸ್ಥಾನಗಳು ಒಂದೇ ಲೆಕ್ಕಕ್ಕೆ ಬಂದವು. 1957ರ ಚುನಾವಣೆಯಲ್ಲಿ ರಾಜ್ಯದ ಪಾಲು 26 ಸ್ಥಾನಗಳಿಗೆ ಏರಿತು. 1961ರ ಜನಗಣತಿಯನ್ನು ಆಧರಿಸಿದ ಪುನರ್ವಿಂಗಡಣೆಯ ನಂತರ, 1967ರಲ್ಲಿ, ಅದು 27 ಆಯಿತು. 1971ರ ಜನಗಣತಿಯನ್ನು ಆಧರಿಸಿದ ಪುನರ್ವಿಂಗಡಣೆಯ ನಂತರ, 1977ರ ಚುನಾವಣೆಯಲ್ಲಿ, 28ಕ್ಕೆ ಮುಟ್ಟಿತು. ಈ ನಡುವೆ 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಎಂದು ಬದಲಾಗಿತ್ತು. 1977ರಿಂದ 2024ರವರೆಗೆ ನಡೆದ ಪ್ರತಿಯೊಂದು ಸಾರ್ವತ್ರಿಕ ಚುನಾವಣೆಯಲ್ಲೂ ರಾಜ್ಯದಿಂದ ಆಯ್ಕೆಯಾದವರು 28 ಮಂದಿಯೇ.

ಆದರೆ ಜನಸಂಖ್ಯೆ ನಿಂತಲ್ಲಿ ನಿಲ್ಲಲಿಲ್ಲ. ಇಂದಿನ ಕರ್ನಾಟಕದ ವ್ಯಾಪ್ತಿಯಲ್ಲಿ 1951ರಲ್ಲಿ 1.94 ಕೋಟಿ, 1971ರಲ್ಲಿ 2.93 ಕೋಟಿ ಮತ್ತು 2011ರಲ್ಲಿ 6.11 ಕೋಟಿ ಜನರಿದ್ದರು. 1957ರಲ್ಲಿ ಒಬ್ಬ ಲೋಕಸಭಾ ಸದಸ್ಯರು ಸರಾಸರಿ ಏಳೂವರೆ ಲಕ್ಷ ಜನರನ್ನು ಪ್ರತಿನಿಧಿಸುತ್ತಿದ್ದರು. 1971ರ ಜನಸಂಖ್ಯೆಗೆ ಈ ಪ್ರಮಾಣ ಹತ್ತೂವರೆ ಲಕ್ಷ. 2011ರ ಜನಸಂಖ್ಯೆಗೆ ಅದು 21.8 ಲಕ್ಷ. ಒಬ್ಬ ಸದಸ್ಯರ ಮೇಲಿನ ಹೊರೆ ಹೆಚ್ಚುಕಡಿಮೆ ಮೂರು ಪಟ್ಟಾಗಿದೆ.

ರಾಜ್ಯಸಭೆಯ 12 ಸ್ಥಾನಗಳು

ರಾಜ್ಯಸಭೆಯಲ್ಲಿ ಮೈಸೂರಿಗೆ ಮೊದಲು 6 ಸ್ಥಾನಗಳಿದ್ದವು. ಕೊಡಗು ಮತ್ತು ಅಜ್ಮೀರ್ ಎರಡಕ್ಕೂ ಸೇರಿ ಒಂದೇ ಸ್ಥಾನವಿತ್ತು. 1956ರ ಪುನರ್ವಿಂಗಡಣೆಯ ವೇಳೆ ಮೊದಲ 50 ಲಕ್ಷ ಜನಸಂಖ್ಯೆಯವರೆಗೆ ಪ್ರತಿ 10 ಲಕ್ಷಕ್ಕೆ ಒಂದು, ಅನಂತರದ ಪ್ರತಿ 20 ಲಕ್ಷಕ್ಕೆ ಒಂದು ಎಂಬ ಸೂತ್ರವನ್ನು ಅನುಸರಿಸಿ ರಾಜ್ಯಕ್ಕೆ 12 ಸ್ಥಾನಗಳನ್ನು ನೀಡಲಾಯಿತು. ಈ ಹಂಚಿಕೆ ಸಂವಿಧಾನದ ನಾಲ್ಕನೆಯ ಅನುಸೂಚಿಯಲ್ಲಿದೆ. ಜನಗಣತಿಯೊಂದಿಗೆ ಅದು ತಾನಾಗಿ ಬದಲಾಗುವುದಿಲ್ಲ. ಹೀಗಾಗಿ ಅಂದು ಬಂದ 12ರ ಸಂಖ್ಯೆಯೇ ಮುಂದುವರಿದಿದೆ.

ರಾಜ್ಯಸಭೆಗೆ ಸದಸ್ಯರನ್ನು ಆರಿಸುವವರು ವಿಧಾನಸಭೆಯ 224 ಚುನಾಯಿತ ಶಾಸಕರು. ಎರಡು ವರ್ಷಗಳಿಗೊಮ್ಮೆ ಮೂರನೆಯ ಒಂದು ಭಾಗ, ಅಂದರೆ 4 ಸ್ಥಾನಗಳು ತೆರವಾಗುತ್ತವೆ. ನಾಲ್ಕು ಸ್ಥಾನಗಳಿಗೆ ಚುನಾವಣೆ ನಡೆದಾಗ ಗೆಲುವಿಗೆ 45 ಪ್ರಥಮ ಪ್ರಾಶಸ್ತ್ಯದ ಮತಗಳು ಸಾಕಾಗುತ್ತವೆ. ಅಭ್ಯರ್ಥಿಯು ಅದೇ ರಾಜ್ಯದ ಮತದಾರನಾಗಿರಬೇಕೆಂಬ ನಿಯಮವನ್ನು 2003ರಲ್ಲಿ ತೆಗೆದುಹಾಕಲಾಯಿತು. ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಈ ಬದಲಾವಣೆಯನ್ನು ಎತ್ತಿಹಿಡಿಯಿತು. ಇದರ ಪರಿಣಾಮದ ಬಗ್ಗೆ ಎರಡು ಅಭಿಪ್ರಾಯಗಳಿವೆ. ರಾಜ್ಯದ ಸ್ಥಾನಗಳು ಹೊರಗಿನವರ ಪಾಲಾಗುತ್ತವೆ ಎಂಬ ಆಕ್ಷೇಪ ಒಂದೆಡೆಯಾದರೆ, ಕೇಂದ್ರದ ಪ್ರಭಾವಿ ಸಚಿವರು ಕರ್ನಾಟಕದ ಸದಸ್ಯರಾಗಿರುವುದು ರಾಜ್ಯಕ್ಕೆ ಅನುಕೂಲ ಎಂಬ ವಾದ ಇನ್ನೊಂದೆಡೆ. 2019ರಿಂದ ಕೇಂದ್ರ ಮುಂಗಡಪತ್ರ ಮಂಡಿಸುತ್ತ ಬಂದ ನಿರ್ಮಲಾ ಸೀತಾರಾಮನ್ ಅವರು 2016 ಮತ್ತು 2022ರಲ್ಲಿ ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾದವರು.

ಸಂಖ್ಯೆಯಾಚೆಗಿನ ಪ್ರಭಾವ

ಪ್ರಾತಿನಿಧ್ಯದ ಮೌಲ್ಯವನ್ನು ಸ್ಥಾನಗಳ ಎಣಿಕೆಯಿಂದ ಮಾತ್ರ ಅಳೆಯಲಾಗದು. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ, ಸದನದಲ್ಲಿ ಭಾರತೀಯ ಭಾಷೆಗಳ ಬಳಕೆಗೆ ದಾರಿ ತೆರೆದರು. ಬೆಂಗಳೂರು ದಕ್ಷಿಣದಿಂದ ಆಯ್ಕೆಯಾದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ ಅವರು 1977ರಲ್ಲಿ ಲೋಕಸಭೆಯ ಸಭಾಧ್ಯಕ್ಷರಾದರು. ಎಚ್. ಡಿ. ದೇವೇಗೌಡ ಅವರು 1996ರಲ್ಲಿ ಪ್ರಧಾನಿಯಾದ ನಂತರ ರಾಜ್ಯಸಭೆಗೆ ಕರ್ನಾಟಕದಿಂದ ಆಯ್ಕೆಯಾದರು.

ಉದ್ಯಮ ವಲಯಕ್ಕೆ ಹೆಚ್ಚು ಹತ್ತಿರದ ಉದಾಹರಣೆಗಳೂ ಇವೆ. ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ. ಸಿ. ರೆಡ್ಡಿ ಅವರು 1952ರ ನಂತರ ಕೇಂದ್ರದಲ್ಲಿ ಉತ್ಪಾದನಾ ಖಾತೆಯನ್ನೂ, ಮುಂದೆ ವಾಣಿಜ್ಯ ಮತ್ತು ಕೈಗಾರಿಕಾ ಖಾತೆಯನ್ನೂ ನಿರ್ವಹಿಸಿದರು. ಬ್ಯಾಂಕಿಂಗ್ ಕ್ಷೇತ್ರದಿಂದ ಬಂದ ಟಿ. ಎ. ಪೈ ಅವರು 1970ರ ದಶಕದಲ್ಲಿ ರೈಲ್ವೆ ಮತ್ತು ಕೈಗಾರಿಕೆಗೆ ಸಂಬಂಧಿಸಿದ ಖಾತೆಗಳನ್ನು ಹೊಂದಿದ್ದರು. ಬೆಂಗಳೂರು ಉತ್ತರದ ಸದಸ್ಯರಾಗಿದ್ದ ಸಿ. ಕೆ. ಜಾಫರ್ ಷರೀಫ್ ಅವರು 1991ರಿಂದ 1995ರವರೆಗೆ ರೈಲ್ವೆ ಸಚಿವರಾಗಿದ್ದರು. 1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆ ಅವರ ಅವಧಿಯದು. ಅಂದಿನವರೆಗೆ ಮೀಟರ್ ಗೇಜ್ ಮತ್ತು ಬ್ರಾಡ್ ಗೇಜ್ ಸಂಧಿಸುವ ನಿಲ್ದಾಣಗಳಲ್ಲಿ ಸರಕನ್ನು ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಾಗುತ್ತಿತ್ತು. ಕೂಲಿ, ವಿಳಂಬ ಮತ್ತು ಸರಕಿನ ನಷ್ಟ ಮೂರೂ ವರ್ತಕನ ತಲೆಗೇ ಬರುತ್ತಿದ್ದವು. ಬೆಂಗಳೂರು–ಹುಬ್ಬಳ್ಳಿಯಂತಹ ಮಾರ್ಗಗಳು ಬ್ರಾಡ್ ಗೇಜ್‌ಗೆ ಪರಿವರ್ತನೆಯಾದಾಗ ಈ ಹೊರೆ ಇಳಿಯಿತು. ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆ ವಲಯ 2003ರಲ್ಲಿ ಕಾರ್ಯಾರಂಭ ಮಾಡಿತು.

ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಒದಗಿಸಿದ 371ಜೆ ವಿಧಿಯೂ ಸಂಸತ್ತಿನಲ್ಲಿ ನಡೆಸಿದ ದೀರ್ಘ ಪ್ರಯತ್ನದ ಫಲ. ಇದಕ್ಕಾಗಿ ಸಂವಿಧಾನದ 98ನೆಯ ತಿದ್ದುಪಡಿ 2012ರ ಡಿಸೆಂಬರ್‌ನಲ್ಲಿ ಅಂಗೀಕಾರವಾಯಿತು. 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರು ಪಡೆದ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಹಾಗೂ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ದೊರೆತದ್ದು ಈ ತಿದ್ದುಪಡಿಯಿಂದಲೇ.

ಸ್ಥಾನಗಳ ಸಂಖ್ಯೆ ಸ್ಥಗಿತಗೊಂಡದ್ದೇಕೆ?

ಸಂವಿಧಾನದ 82ನೆಯ ವಿಧಿಯ ಪ್ರಕಾರ ಪ್ರತಿ ಜನಗಣತಿಯ ನಂತರ ಲೋಕಸಭಾ ಸ್ಥಾನಗಳ ಮರುಹಂಚಿಕೆ ನಡೆಯಬೇಕು. ಈ ಮರುಹಂಚಿಕೆಯಿಂದ ಸ್ಥಾನಗಳು ಕಡಿಮೆಯಾಗುವುದೂ ಉಂಟು. 1962ರ ಚುನಾವಣೆಯಲ್ಲಿ 41 ಸ್ಥಾನಗಳನ್ನು ಹೊಂದಿದ್ದ ಮದ್ರಾಸ್ ರಾಜ್ಯ 1967ರಲ್ಲಿ 39ಕ್ಕೆ ಇಳಿಯಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಜಾರಿಗೊಳಿಸಿದ ರಾಜ್ಯ ಅದೇ ಕಾರಣಕ್ಕೆ ಸ್ಥಾನ ಕಳೆದುಕೊಳ್ಳುವುದು ನ್ಯಾಯವಲ್ಲ ಎಂಬ ವಾದ ಬಲಗೊಂಡಿತು. 1976ರ 42ನೆಯ ತಿದ್ದುಪಡಿ 1971ರ ಜನಗಣತಿಯ ಲೆಕ್ಕವನ್ನೇ 2000ದ ನಂತರದ ಮೊದಲ ಜನಗಣತಿಯವರೆಗೆ ಸ್ಥಿರಗೊಳಿಸಿತು. 84ನೆಯ ತಿದ್ದುಪಡಿ ಈ ಗಡುವನ್ನು 2026ರ ನಂತರ ನಡೆಯುವ ಮೊದಲ ಜನಗಣತಿಯವರೆಗೆ ವಿಸ್ತರಿಸಿತು.

ರಾಜ್ಯಗಳ ನಡುವಿನ ಹಂಚಿಕೆ ಬದಲಾಗದಿದ್ದರೂ ರಾಜ್ಯದೊಳಗಿನ ಗಡಿಗಳು ಬದಲಾದವು. 2003ರ 87ನೆಯ ತಿದ್ದುಪಡಿಯಂತೆ 2001ರ ಜನಗಣತಿಯನ್ನು ಆಧರಿಸಿ ಕ್ಷೇತ್ರಗಳನ್ನು ಪುನರ್ರಚಿಸಲಾಯಿತು. ಹೊಸ ಗಡಿಗಳಂತೆ ವಿಧಾನಸಭಾ ಚುನಾವಣೆ ನಡೆದ ಮೊದಲ ರಾಜ್ಯ ಕರ್ನಾಟಕ. ಅದು 2008ರ ಮೇ ತಿಂಗಳಲ್ಲಿ ನಡೆಯಿತು. ಲೋಕಸಭೆಯ ಕನಕಪುರ ಕ್ಷೇತ್ರದ ಹೆಸರು ಮರೆಯಾಗಿ ಬೆಂಗಳೂರು ಗ್ರಾಮಾಂತರ ಬಂದಿತು. ಬೆಂಗಳೂರು ಕೇಂದ್ರ, ಹಾವೇರಿ, ಉಡುಪಿ–ಚಿಕ್ಕಮಗಳೂರು ಕ್ಷೇತ್ರಗಳು ರೂಪುಗೊಂಡವು. ಪರಿಶಿಷ್ಟ ಜಾತಿಗೆ 5 ಮತ್ತು ಪರಿಶಿಷ್ಟ ಪಂಗಡಕ್ಕೆ 2 ಕ್ಷೇತ್ರಗಳು ಮೀಸಲಾದವು. ಆದರೂ ಅಸಮತೋಲನ ಮರುಕಳಿಸಿದೆ. 2024ರ ಚುನಾವಣೆಯ ವೇಳೆಗೆ ಬೆಂಗಳೂರು ಉತ್ತರದಲ್ಲಿ 30 ಲಕ್ಷಕ್ಕೂ ಹೆಚ್ಚು ಮತದಾರರಿದ್ದರೆ, ಉಡುಪಿ–ಚಿಕ್ಕಮಗಳೂರಿನಲ್ಲಿದ್ದವರು 16 ಲಕ್ಷದ ಆಸುಪಾಸು.

ಪಾಲುದಾರಿಕೆಯ ಲೆಕ್ಕ

ಮುಂದಿನ ಪ್ರಶ್ನೆಯನ್ನು ಅರಿಯಲು ಅಂಕಿಗಳನ್ನು ಜೊತೆಗಿಟ್ಟು ನೋಡಬೇಕು. 2011ರ ಜನಸಂಖ್ಯೆಯಂತೆ ಒಬ್ಬ ಲೋಕಸಭಾ ಸದಸ್ಯರಿಗೆ ರಾಜಸ್ಥಾನದಲ್ಲಿ 27.4 ಲಕ್ಷ, ಬಿಹಾರದಲ್ಲಿ 26 ಲಕ್ಷ, ಉತ್ತರ ಪ್ರದೇಶದಲ್ಲಿ 25 ಲಕ್ಷ, ಕರ್ನಾಟಕದಲ್ಲಿ 21.8 ಲಕ್ಷ, ತಮಿಳುನಾಡಿನಲ್ಲಿ 18.5 ಲಕ್ಷ ಮತ್ತು ಕೇರಳದಲ್ಲಿ 16.7 ಲಕ್ಷ ಜನರು ಬರುತ್ತಾರೆ. ಎಲ್ಲ ನಾಗರಿಕರ ಮತಕ್ಕೂ ಸಮಾನ ಮೌಲ್ಯವಿರಬೇಕು ಎಂಬ ತತ್ತ್ವದ ದೃಷ್ಟಿಯಿಂದ ಉತ್ತರದ ರಾಜ್ಯಗಳ ಅಸಮಾಧಾನಕ್ಕೆ ಆಧಾರವಿದೆ. ಜನಸಂಖ್ಯೆಯನ್ನು ನಿಯಂತ್ರಿಸಿದ್ದಕ್ಕೆ ದಂಡ ತೆರಬೇಕೆ ಎಂಬ ದಕ್ಷಿಣದ ಪ್ರಶ್ನೆಗೂ ಅಷ್ಟೇ ಆಧಾರವಿದೆ.

ಕರ್ನಾಟಕದ ಸ್ಥಿತಿ ಇವೆರಡರ ನಡುವಿನದು. ದೇಶದ ಜನಸಂಖ್ಯೆಯಲ್ಲಿ ರಾಜ್ಯದ ಪಾಲು 1971ರಲ್ಲಿ ಶೇ. 5.35 ಇತ್ತು, 2011ರಲ್ಲಿ ಶೇ. 5.05ಕ್ಕೆ ಇಳಿಯಿತು. 543 ಸದಸ್ಯರ ಲೋಕಸಭೆಯಲ್ಲಿ 28 ಸ್ಥಾನವೆಂದರೆ ಶೇ. 5.16. ಆದುದರಿಂದ 2011ರ ಜನಸಂಖ್ಯೆಯನ್ನೇ ಆಧರಿಸಿದರೂ ರಾಜ್ಯದ ಪಾಲು 27ರ ಆಸುಪಾಸಿನಲ್ಲಿರುತ್ತದೆ. ಭಾರಿ ನಷ್ಟವೇನೂ ಆಗದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಟ್ಟು ಫಲವಂತಿಕೆಯ ದರ ಕರ್ನಾಟಕದಲ್ಲಿ 1.7, ಉತ್ತರ ಪ್ರದೇಶದಲ್ಲಿ 2.4, ಬಿಹಾರದಲ್ಲಿ 3.0 ಇತ್ತು. ಹೊಸ ಜನಗಣತಿಯಲ್ಲಿ ರಾಜ್ಯದ ಪಾಲು ಇನ್ನಷ್ಟು ಕುಗ್ಗುವ ಸಂಭವವೇ ಹೆಚ್ಚು. 2025ರ ಜೂನ್ 16ರ ಅಧಿಸೂಚನೆಯು ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ನ್ನು ಜನಗಣತಿಯ ಆಧಾರ ದಿನಾಂಕವನ್ನಾಗಿ ಗೊತ್ತುಪಡಿಸಿತು.

ಒಟ್ಟು ಸ್ಥಾನಗಳನ್ನು ಹೆಚ್ಚಿಸಿದರೆ ಯಾವ ರಾಜ್ಯಕ್ಕೂ ನಷ್ಟವಾಗದು ಎಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. 2023ರಲ್ಲಿ ಉದ್ಘಾಟನೆಯಾದ ಹೊಸ ಸಂಸತ್ ಭವನದ ಲೋಕಸಭಾಂಗಣದಲ್ಲಿ 888 ಆಸನಗಳಿಗೆ ಅವಕಾಶ ಮಾಡಲಾಗಿದೆ. ಇಲ್ಲಿ ವರ್ತಕರಿಗೆ ಪರಿಚಿತವಾದ ಲೆಕ್ಕವೊಂದು ನೆರವಾಗುತ್ತದೆ. ಕಂಪನಿಯೊಂದು ಎಲ್ಲ ಷೇರುದಾರರಿಗೂ ಅವರವರ ಹಿಡುವಳಿಗೆ ತಕ್ಕಂತೆ ಬೋನಸ್ ಷೇರು ನೀಡಿದರೆ ಯಾರ ಪಾಲೂ ಬದಲಾಗುವುದಿಲ್ಲ. ಹೊಸ ಷೇರುಗಳಲ್ಲಿ ಹೆಚ್ಚಿನವು ಕೆಲವರಿಗೇ ಹೋದರೆ ಉಳಿದವರ ಷೇರುಗಳ ಸಂಖ್ಯೆ ಹೆಚ್ಚಿದರೂ ಮತದಾನದ ಬಲ ಕುಗ್ಗುತ್ತದೆ. ಕರ್ನಾಟಕದ ಸ್ಥಾನಗಳು 28ರಿಂದ ಹೆಚ್ಚಬಹುದು, ಶೇ. 5.16ರ ಪಾಲು ಉಳಿಯುವುದೇ ಎಂಬುದು ನಿಜವಾದ ಪ್ರಶ್ನೆ.

2023ರ 106ನೆಯ ತಿದ್ದುಪಡಿಯೂ ಇದೇ ಪ್ರಕ್ರಿಯೆಯೊಂದಿಗೆ ತಳುಕು ಹಾಕಿಕೊಂಡಿದೆ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಭಾಗ ಸ್ಥಾನ ಮೀಸಲಿಡುವ ಈ ತಿದ್ದುಪಡಿಯನ್ನು ಜನಗಣತಿ ಮತ್ತು ಪುನರ್ವಿಂಗಡಣೆಯ ನಂತರ ಅನ್ವಯಿಸುವಂತೆ ರೂಪಿಸಲಾಯಿತು. 2024ರಲ್ಲಿ ಕರ್ನಾಟಕದ 28 ಸದಸ್ಯರಲ್ಲಿ ಮಹಿಳೆಯರು 3 ಮಂದಿ.

ವ್ಯಾಪಾರಕ್ಕೆ ಇದರಿಂದ ಏನು?

ತೆರಿಗೆ ಪ್ರಸ್ತಾವಗಳು ಹಣಕಾಸು ಮಸೂದೆಯ ಮೂಲಕ ಬರುತ್ತವೆ. ಹಣದ ಮಸೂದೆಗಳ ಮೇಲೆ ಅಂತಿಮ ಅಧಿಕಾರ ಲೋಕಸಭೆಯದು. ರಾಜ್ಯಸಭೆ 14 ದಿನಗಳೊಳಗೆ ಶಿಫಾರಸು ಮಾಡಬಹುದಷ್ಟೆ. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿಯನ್ನು ಕಾಯಿದೆಯಲ್ಲಿ ಹೇಳಿದ ಅವಧಿಯೊಳಗೆ, ಗರಿಷ್ಠ 45 ದಿನಗಳಲ್ಲಿ, ಪಾವತಿಸದಿದ್ದರೆ ಖರೀದಿದಾರನಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ವೆಚ್ಚದ ಕಡಿತ ದೊರೆಯದು ಎಂಬ ನಿಯಮ 2023ರ ಹಣಕಾಸು ಕಾಯಿದೆಯಿಂದ ಬಂದದ್ದು. ಸಣ್ಣ ತಯಾರಕನಿಗೆ ರಕ್ಷಣೆಯಾಗಿ ತೋರಿದ ಈ ನಿಯಮ ಸಾಲದ ಮೇಲೆ ಸರಕು ಕೊಳ್ಳುವ ವರ್ತಕನಿಗೆ ಬಿಗಿಯಾಗಿ ತೋರಿತು. ಇಂತಹ ವಿಷಯಗಳಲ್ಲಿ ಸದನದ ಬಲಾಬಲವೇ ನಿರ್ಣಾಯಕ.

ಸರಕು ಮತ್ತು ಸೇವಾ ತೆರಿಗೆಯ ವಿಷಯ ಬೇರೆ. 2017ರ ಜುಲೈ 1ರಿಂದ ಜಾರಿಗೆ ಬಂದ ಈ ವ್ಯವಸ್ಥೆಯ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು, ಎಲ್ಲ ರಾಜ್ಯಗಳ ಮತಕ್ಕೆ ಒಟ್ಟಾಗಿ ಮೂರನೆಯ ಎರಡು ತೂಕವಿದೆ. ತೀರ್ಮಾನಕ್ಕೆ ನಾಲ್ಕನೆಯ ಮೂರರಷ್ಟು ಬಹುಮತ ಬೇಕು. ಅಲ್ಲಿ ರಾಜ್ಯಗಳೆಲ್ಲವೂ ಸಮಾನ. ಲೋಕಸಭೆಯಲ್ಲಿ 28 ಸ್ಥಾನವುಳ್ಳ ಕರ್ನಾಟಕಕ್ಕೂ ಒಂದೇ ಸ್ಥಾನವುಳ್ಳ ಸಿಕ್ಕಿಂಗೂ ಒಂದೇ ತೂಕ. ಹಣಕಾಸು ಆಯೋಗದ ಹಂಚಿಕೆ ಮತ್ತೊಂದು ಬಗೆಯದು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಆಯೋಗದ ಅವಧಿಯಲ್ಲಿ (2015-20) ಶೇ. 4.713 ಇದ್ದುದು 15ನೆಯ ಆಯೋಗದ 2021-26ರ ಅವಧಿಯಲ್ಲಿ ಶೇ. 3.647ಕ್ಕೆ ಇಳಿಯಿತು. ಲೋಕಸಭೆಯಲ್ಲಿ ಒಂದೇ ಒಂದು ಸ್ಥಾನ ಬದಲಾಗದಿದ್ದಾಗಲೂ ರಾಜ್ಯದ ಪಾಲು ಹೀಗೆ ಕುಗ್ಗಿತು ಎಂಬುದು ಸ್ಥಾನಗಳ ಸಂಖ್ಯೆಯನ್ನೇ ನಂಬಿ ಕೂರಲಾಗದು ಎಂಬುದಕ್ಕೆ ಸಾಕ್ಷಿ.

ಲಭ್ಯವಿರುವ ಮಾರ್ಗಗಳು

ಇರುವ 28 ಮತ್ತು 12 ಸ್ಥಾನಗಳನ್ನು ಸರಿಯಾಗಿ ಬಳಸಿಕೊಳ್ಳುವುದು ಅಷ್ಟೇ ಮುಖ್ಯ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಅವಕಾಶವಿದ್ದು, ಅವುಗಳಿಗೆ ಸಚಿವರು ಮೌಖಿಕವಾಗಿ ಉತ್ತರಿಸುತ್ತಾರೆ, ಉಪಪ್ರಶ್ನೆಗಳನ್ನೂ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ದೊರೆಯುತ್ತದೆ. ಅಂಕಿ ಅಂಶಗಳನ್ನು ಹೊರತೆಗೆಯಲು ಇದು ಬಹಳ ಉಪಯುಕ್ತ. ಆದರೆ ಪ್ರಶ್ನೆಗೆ ಮುಂಚಿತವಾಗಿ ಸೂಚನೆ ಕೊಡಬೇಕಾದುದರಿಂದ, ಅಧಿವೇಶನ ಆರಂಭವಾದ ಮೇಲೆ ಸದಸ್ಯರ ಬಳಿಗೆ ಹೋದರೆ ಪ್ರಯೋಜನ ಕಡಿಮೆ.

ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಆರಂಭವಾದವು. ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರಿರುವ ಈ ಸಮಿತಿಗಳು ಮಸೂದೆಗಳ ಬಗ್ಗೆ ಸಾರ್ವಜನಿಕರಿಂದ ಹಾಗೂ ಸಂಘ ಸಂಸ್ಥೆಗಳಿಂದ ಲಿಖಿತ ಅಭಿಪ್ರಾಯ ಆಹ್ವಾನಿಸುವ ಪದ್ಧತಿಯಿದೆ. ಸದನದ ಗದ್ದಲದಿಂದ ದೂರದಲ್ಲಿ, ಕಲಮುಗಳನ್ನು ಒಂದೊಂದಾಗಿ ಪರಿಶೀಲಿಸುವ ಇಲ್ಲಿ ಅಂಕಿಸಹಿತವಾದ ಮನವಿಗೆ ಹೆಚ್ಚು ಬೆಲೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಕಾಫಿ ಮಂಡಳಿ ಮತ್ತು ಕೇಂದ್ರ ರೇಷ್ಮೆ ಮಂಡಳಿಗಳಲ್ಲಿಯೂ ಸಂಸತ್ ಸದಸ್ಯರಿಗೆ ಸ್ಥಾನವಿದೆ. ಈ ಎರಡು ಸರಕುಗಳ ವ್ಯಾಪಾರಿಗಳು ಆ ಮಾರ್ಗವನ್ನು ಮರೆಯಬಾರದು.

ಕ್ಷೇತ್ರ ಪುನರ್ವಿಂಗಡಣೆಯಲ್ಲಿಯೂ ಸಂಘ ಸಂಸ್ಥೆಗಳಿಗೆ ಪಾತ್ರವಿದೆ. ಆಯೋಗವು ಕರಡು ಪ್ರಸ್ತಾವವನ್ನು ಪ್ರಕಟಿಸಿ, ಆಕ್ಷೇಪಣೆ ಮತ್ತು ಸಲಹೆಗಳನ್ನು ಸ್ವೀಕರಿಸಿ, ಸಾರ್ವಜನಿಕ ಸಭೆಗಳನ್ನು ನಡೆಸಿದ ನಂತರವೇ ಅಂತಿಮ ಆದೇಶ ಹೊರಡಿಸುವುದು ಹಿಂದಿನ ಪರಿಪಾಠ. ಅಂತಿಮ ಆದೇಶ ಪ್ರಕಟವಾದ ಮೇಲೆ ನ್ಯಾಯಾಲಯದಲ್ಲಿ ಪ್ರಶ್ನಿಸುವ ಅವಕಾಶ ತೀರಾ ಸೀಮಿತ. ಒಂದೇ ಕೈಗಾರಿಕಾ ವಸಾಹತು ಎರಡು ಕ್ಷೇತ್ರಗಳಿಗೆ ಹಂಚಿಹೋದರೆ ಅದರ ರಸ್ತೆ, ವಿದ್ಯುತ್ ಮತ್ತು ಒಳಚರಂಡಿಯ ಬೇಡಿಕೆಗೆ ಇಬ್ಬರು ಸದಸ್ಯರಲ್ಲಿ ಯಾರೂ ಹೊಣೆಯಾಗದಿರುವ ಸಂಭವವಿರುತ್ತದೆ. ಇಂತಹ ಅಂಶಗಳನ್ನು ಕರಡು ಹಂತದಲ್ಲಿಯೇ ನಕ್ಷೆ ಸಹಿತ ಮುಂದಿಡಬೇಕಾಗುತ್ತದೆ.

7 ಸ್ಥಾನಗಳಿಂದ ಆರಂಭವಾದ ಪಯಣ 28ರ ಹಂತಕ್ಕೆ ಬಂದು ಸುಮಾರು ಐದು ದಶಕಗಳಾದವು. ಮುಂದಿನ ಸಂಖ್ಯೆ ಎಷ್ಟಾದರೂ, ಅದು ದಶಕಗಳ ಕಾಲ ಉಳಿಯುವ ಸಂಖ್ಯೆಯಾಗಬಹುದು ಎಂಬುದನ್ನು ಈ ಇತಿಹಾಸವೇ ತಿಳಿಸುತ್ತದೆ. ಆದುದರಿಂದ ಜನಗಣತಿಯ ಸಿಬ್ಬಂದಿ ಬಂದಾಗ ಮನೆಯವರನ್ನೂ ಕಾರ್ಖಾನೆಯ ಆವರಣದಲ್ಲಿ ನೆಲೆಸಿರುವ ಕಾರ್ಮಿಕರನ್ನೂ ತಪ್ಪದೆ ಲೆಕ್ಕಕ್ಕೆ ಸೇರಿಸುವುದು, ಕರಡು ಪ್ರಸ್ತಾವ ಪ್ರಕಟವಾದಾಗ ಗಡುವಿನೊಳಗೆ ಅಭಿಪ್ರಾಯ ಸಲ್ಲಿಸುವುದು, ಅಧಿವೇಶನಕ್ಕೆ ಮುನ್ನವೇ ಆಯಾ ಕ್ಷೇತ್ರದ ಸದಸ್ಯರಿಗೆ ಸ್ಪಷ್ಟ ಮನವಿ ತಲುಪಿಸುವುದು ವಾಣಿಜ್ಯೋದ್ಯಮಿಗಳು ತಮ್ಮ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳು. ಲೆಕ್ಕ ಬರೆಯುವ ಹೊತ್ತಿನಲ್ಲಿ ಮೈಮರೆತು, ಲೆಕ್ಕ ಮುಗಿದ ಮೇಲೆ ತಕರಾರು ತೆಗೆದರೆ ಫಲವಿಲ್ಲ ಎಂಬುದು ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.